ಸ್ಟೆಮ್ ಸೆಲ್‌ಗೆ ಒಡವೆ ಅಡ ಇಡಬೇಡಿ, ಸಂಸದರಿಗೆ ಪತ್ರ ಬರೆಯಿರಿ

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಕೆಜಿಎಫ್‌ನ ಕೋರಮಂಡಲ್‌ನವರು. ದಿನಾ ಬೆಳಗ್ಗೆ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಸಾವಿರಾರು ಜನರಲ್ಲಿ ಇವರೂ ಒಬ್ಬರು. ಹಿಂದೆ ರೈಲಿನ ಸದ್ದು, ಮಧ್ಯೆ ಮಧ್ಯೆ ಇವರ ಮಾತು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ.

ವಿಷಯ ಇಷ್ಟು. ಅಪ್ಪ ಗಣಿ ಕೆಲಸಗಾರರು. 2001ರ ಫೆಬ್ರವರಿ 28ರಂದು ಬಿಜಿಎಂಎಲ್ ಮುಚ್ಚಿದಾಗ ಕೆಲಸ ಕಳೆದುಕೊಂಡವರು. ಈಗ ಕೆಲವು ವರ್ಷದಿಂದ ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗುತ್ತೆ, ಅಂಗಿ ಗುಂಡಿ ಹಾಕಿಕೊಳ್ಳೋಕೆ ಹತ್ತು ನಿಮಿಷ ಬೇಕು. ಒಂದು ದಿನ ಮಗನ ಫೋನ್‌ಗೆ ಜಾಹೀರಾತು ಬಂತು: ಸ್ಟೆಮ್ ಸೆಲ್ ಇಂಜೆಕ್ಷನ್, ಕೆಲವು ಸಲ ಬಂದರೆ ಸಾಕು, ನಡುಕ ಹೋಗುತ್ತೆ ಅಂತ. ಫೋನ್ ಮಾಡಿ ವಿಚಾರಿಸಿದರೆ ಖರ್ಚು ಲಕ್ಷಗಳ ಲೆಕ್ಕದಲ್ಲಿ. ತಾಳಿ ಬಿಟ್ಟು ಉಳಿದ ಒಡವೆಯನ್ನೆಲ್ಲ ಅಡ ಇಡೋಣ ಅಂತ ಅಮ್ಮ ಹೇಳ್ತಿದ್ದಾರೆ. ಚಿನ್ನದ ಊರಿನ ಆ ಮನೆಯಲ್ಲಿ ಉಳಿದಿರೋ ಚಿನ್ನ ಅಷ್ಟೇ.

ಅವರು ಕೇಳಿದ ಪ್ರಶ್ನೆ ಎರಡು. ಒಂದು, ಈ ಇಂಜೆಕ್ಷನ್ ಹಾಕಿಸಬೇಕಾ? ಎರಡು, ಇದು ನಿಜವಾಗಲೂ ಕೆಲಸ ಮಾಡೋದಾದ್ರೆ ಸರ್ಕಾರವೇ ಯಾಕೆ ಕೊಡ್ತಿಲ್ಲ?

ಮೊದಲನೆಯದಕ್ಕೆ ಉತ್ತರ ಈಗಲೇ ಹೇಳಿಬಿಡ್ತೀನಿ: ಬೇಡ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಯಾಕಂದ್ರೆ ಅದು ಲ್ಯಾಬ್‌ಗೆ, ಬಜೆಟ್‌ಗೆ ಮತ್ತು ನಾವು ವೋಟ್ ಹಾಕಿದವರಿಗೆ ಸಂಬಂಧಿಸಿದ್ದು. ಇಯರ್‌ಫೋನ್ ಹಾಕಿಕೊಳ್ಳಿ, ಶುರು ಮಾಡೋಣ.

ರಾಗಿ ಹಿಟ್ಟು, ರಾಗಿ ಮುದ್ದೆ

ಸ್ಟೆಮ್ ಸೆಲ್ ಅಂದ್ರೇನು? ಕನ್ನಡದಲ್ಲಿ ಆಕರಕೋಶ ಅಂತಾರೆ, ಕೆಲವರು ಕಾಂಡಕೋಶ ಅಂತಲೂ ಬರೀತಾರೆ. ಕೋಲಾರದವರಿಗೆ ರಾಗಿಯಲ್ಲೇ ಹೇಳೋದು ಸುಲಭ. ರಾಗಿ ಹಿಟ್ಟು ಇದ್ದರೆ ಮುದ್ದೆ ಮಾಡಬಹುದು, ರೊಟ್ಟಿ ತಟ್ಟಬಹುದು, ಅಂಬಲಿ ಕಾಯಿಸಬಹುದು. ಆದರೆ ಒಮ್ಮೆ ಮುದ್ದೆ ಆದ ಮೇಲೆ ಅದು ಮುದ್ದೆಯೇ. ನಮ್ಮ ದೇಹದ ಕೋಶಗಳೂ ಹಾಗೇ. ಆರಂಭದ ಭ್ರೂಣದಲ್ಲಿ ಹಿಟ್ಟಿನಂಥ ಕೋಶ ಇರುತ್ತೆ. ಅದರಿಂದ ಚರ್ಮ, ರಕ್ತ, ಹೃದಯ, ನರಕೋಶ ಎಲ್ಲವೂ ಆಗುತ್ತೆ. ಒಮ್ಮೆ ಚರ್ಮ ಆಯ್ತು ಅಂದ್ರೆ ಅದು ವಾಪಸ್ ಹೋಗಲ್ಲ ಅಂತಲೇ ಬಹಳ ಕಾಲ ನಂಬಿದ್ದರು.

1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ ತಂಡ ಮನುಷ್ಯ ಭ್ರೂಣದ ಆಕರಕೋಶಗಳನ್ನು ಮೊದಲ ಸಲ ಬೇರ್ಪಡಿಸಿ ಬೆಳೆಸಿತು. ಭ್ರೂಣ ಅಂದ ತಕ್ಷಣ ನೈತಿಕ ಪ್ರಶ್ನೆ ಎದ್ದಿತು, ಏಳಬೇಕಾದ್ದೇ. ಆಮೇಲೆ 2006ರಲ್ಲಿ ಜಪಾನ್‌ನ ಕ್ಯೋಟೋದಲ್ಲಿ ಶಿನ್ಯಾ ಯಮನಾಕ ಒಂದು ಆಶ್ಚರ್ಯ ತೋರಿಸಿದರು. ಇಲಿಯ ಸಾಮಾನ್ಯ ಕೋಶಕ್ಕೆ ನಾಲ್ಕೇ ನಾಲ್ಕು ಜೀನ್ ಸೇರಿಸಿದರೆ ಅದು ಮತ್ತೆ ಆಕರಕೋಶದಂತಾಗುತ್ತೆ! ಅಂದ್ರೆ ಮುದ್ದೆಯನ್ನು ವಾಪಸ್ ಹಿಟ್ಟು ಮಾಡಿದರು. 2007ರಲ್ಲಿ ಮನುಷ್ಯರ ಕೋಶದಲ್ಲೂ ಇದು ಸಾಧ್ಯವಾಯಿತು. 2012ರಲ್ಲಿ ಯಮನಾಕ ಅವರಿಗೆ ಜಾನ್ ಗರ್ಡನ್ ಜೊತೆ ನೊಬೆಲ್ ಬಂತು. ಹೀಗೆ ತಯಾರಾದ ಕೋಶಕ್ಕೆ ಐಪಿಎಸ್ ಕೋಶ ಅಂತ ಹೆಸರು.

ಇದರಿಂದ ಏನು ಲಾಭ? ಮಿದುಳಿನ ಕಾಯಿಲೆಗೆ ಇದು ಯಾಕೆ ಮುಖ್ಯ ಅಂದ್ರೆ, ಬದುಕಿರುವ ಮನುಷ್ಯನ ಮಿದುಳನ್ನು ಕತ್ತರಿಸಿ ನೋಡೋಕಾಗಲ್ಲ. ಆದರೆ ಅವರ ಕೈಯಿಂದ ಸ್ವಲ್ಪ ರಕ್ತ ತಗೊಂಡು, ಆ ಕೋಶವನ್ನು ಐಪಿಎಸ್ ಮಾಡಿ, ಅದರಿಂದ ಅವರದ್ದೇ ನರಕೋಶವನ್ನು ತಟ್ಟೆಯಲ್ಲಿ ಬೆಳೆಸಬಹುದು. ಕಾಯಿಲೆ ಎಲ್ಲಿ ಶುರುವಾಗುತ್ತೆ ಅಂತ ನೋಡಬಹುದು. ಯಾವ ಔಷಧ ಕೆಲಸ ಮಾಡುತ್ತೆ ಅಂತ ಮೊದಲು ತಟ್ಟೆಯಲ್ಲೇ ಪರೀಕ್ಷೆ ಮಾಡಬಹುದು.

ಅಪ್ಪನ ಕೈ ಯಾಕೆ ನಡುಗುತ್ತೆ?

ನಮ್ಮ ಮಿದುಳಿನ ಆಳದಲ್ಲಿ, ನಡುಭಾಗದಲ್ಲಿ, ಕಪ್ಪು ಬಣ್ಣದ ಒಂದು ಸಣ್ಣ ಪ್ರದೇಶ ಇದೆ. ಅಲ್ಲಿನ ಕೋಶಗಳು ಡೋಪಮೈನ್ ಅನ್ನೋ ರಾಸಾಯನಿಕ ತಯಾರಿಸುತ್ತವೆ. ನಾವು ಕೈ ಎತ್ತಬೇಕು, ಹೆಜ್ಜೆ ಇಡಬೇಕು ಅಂದ್ರೆ ಆ ಚಲನೆ ಸಲೀಸಾಗಿ ಆಗೋಕೆ ಡೋಪಮೈನ್ ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ನಿಧಾನವಾಗಿ ಸಾಯುತ್ತವೆ. ನಡುಕ ಕಾಣಿಸಿಕೊಳ್ಳುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿರುತ್ತೆ.

ಇದಕ್ಕೆ ಔಷಧ ಇಲ್ಲವೇ ಇಲ್ಲ ಅಂತ ತಿಳಿಯಬೇಡಿ. ಲೆವೊಡೋಪ ಮಾತ್ರೆ ಐವತ್ತು ವರ್ಷಕ್ಕಿಂತ ಹಳೆಯದು, ಇವತ್ತಿಗೂ ಮುಖ್ಯ ಔಷಧ ಅದೇ. ನಮ್ಮ ಬೇಲಿ ಮೇಲೆ ಬೆಳೆಯೋ, ಮುಟ್ಟಿದ್ರೆ ಮೈಯೆಲ್ಲಾ ತುರಿಸೋ ನಸುಗುನ್ನಿ ಇದೆಯಲ್ಲ, ಅದರ ಬೀಜದಲ್ಲೂ ಲೆವೊಡೋಪ ಇದೆ. ಹಾಗಂತ ಪುಡಿ ಮಾಡಿ ಕುಡಿಯಬೇಡಿ, ಪ್ರಮಾಣ ತಪ್ಪಿದರೆ ತೊಂದರೆ. ಮಾತ್ರೆಯ ಜೊತೆ ವ್ಯಾಯಾಮ, ಫಿಸಿಯೋಥೆರಪಿ, ಕೆಲವರಿಗೆ ಮಿದುಳಿಗೆ ತಂತಿ ಇಟ್ಟು ವಿದ್ಯುತ್ ಸಂಕೇತ ಕೊಡುವ ಶಸ್ತ್ರಚಿಕಿತ್ಸೆ, ಇವೆಲ್ಲ ಇವೆ. ಇವು ನಡುಕ, ಬಿಗಿತವನ್ನು ಹಿಡಿತದಲ್ಲಿಡುತ್ತವೆ. ಆದರೆ ಸತ್ತ ಕೋಶವನ್ನು ವಾಪಸ್ ತರಲ್ಲ. ಸ್ಟೆಮ್ ಸೆಲ್ ಮೇಲೆ ಎಲ್ಲರಿಗೂ ಆಸೆ ಇರೋದು ಇಲ್ಲೇ.

ಲ್ಯಾಬ್‌ನವರು ಮಾಡೋದು ಬೇರೆ, ಜಾಹೀರಾತಿನವರು ಮಾರೋದು ಬೇರೆ

2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ಪ್ರಯೋಗಗಳ ವರದಿ ಒಟ್ಟಿಗೆ ಬಂತು. ಒಂದು ಕ್ಯೋಟೋದ್ದು. ಐಪಿಎಸ್ ಕೋಶದಿಂದ ಡೋಪಮೈನ್ ಕೋಶದ ಹಂತಕ್ಕೆ ಬೆಳೆಸಿ, 7 ರೋಗಿಗಳ ಮಿದುಳಿಗೆ ಶಸ್ತ್ರಚಿಕಿತ್ಸೆ ಮಾಡಿ ಇಟ್ಟರು. ಇನ್ನೊಂದು ಅಮೆರಿಕ ಮತ್ತು ಕೆನಡಾದ್ದು. ಭ್ರೂಣದ ಆಕರಕೋಶದಿಂದ ಬೆಳೆಸಿದ ಕೋಶಗಳನ್ನು 12 ಜನರಿಗೆ ಇಟ್ಟರು. ಎರಡೂ ಪ್ರಯೋಗದ ಮೊದಲ ಪ್ರಶ್ನೆ ‘ಇದು ಸುರಕ್ಷಿತವೇ’ ಅನ್ನೋದು. ದೊಡ್ಡ ಅಪಾಯ ಕಾಣಲಿಲ್ಲ. ಇಟ್ಟ ಕೋಶ ಉಳಿದುಕೊಂಡು ಡೋಪಮೈನ್ ತಯಾರಿಸುತ್ತಿರುವ ಲಕ್ಷಣ ಸ್ಕ್ಯಾನ್‌ನಲ್ಲಿ ಕಂಡಿತು. ಕೆಲವರ ಚಲನೆ ಸುಧಾರಿಸಿತು. ಒಳ್ಳೆಯ ಸುದ್ದಿಯೇ. ಆದರೆ ಒಟ್ಟು 19 ಜನ. ಹೋಲಿಸಿ ನೋಡೋಕೆ ಚಿಕಿತ್ಸೆ ಇಲ್ಲದ ಗುಂಪು ಇರಲಿಲ್ಲ. ಹಾಗಾಗಿ ಇದು ಬಾಗಿಲು ತೆರೆದ ಹಾಗೆ ಅಷ್ಟೇ, ಮನೆ ಒಳಗೆ ಇನ್ನೂ ಹೋಗಿಲ್ಲ.

ಈಗ ಜಾಹೀರಾತಿನ ಇಂಜೆಕ್ಷನ್ ನೋಡಿ. ಸಾಮಾನ್ಯವಾಗಿ ಇಂಥ ಕಡೆ ರೋಗಿಯ ಮೂಳೆಮಜ್ಜೆ ಅಥವಾ ಕೊಬ್ಬಿನಿಂದ ಕೋಶ ತೆಗೆದು, ಬೆನ್ನುಹುರಿಯ ದ್ರವಕ್ಕೋ ರಕ್ತನಾಳಕ್ಕೋ ಚುಚ್ಚುತ್ತಾರೆ. ಕೊಬ್ಬಿನಿಂದ ತೆಗೆದ ಕೋಶ ತಾನಾಗೇ ಮಿದುಳಿನ ಆ ಮೂಲೆಗೆ ಹೋಗಿ, ಡೋಪಮೈನ್ ಕೋಶವಾಗಿ ಕೂತು ಕೆಲಸ ಶುರು ಮಾಡುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಎರಡಕ್ಕೂ ಹೆಸರು ಸ್ಟೆಮ್ ಸೆಲ್ಲೇ. ಆದರೆ ಒಂದು ವರ್ಷಗಟ್ಟಲೆ ತಯಾರಿ, ಇನ್ನೊಂದು ಅದೇ ಹೆಸರಿನ ಬೋರ್ಡ್.

ನಮ್ಮ ದೇಶದ ನಿಯಮ ಇಲ್ಲಿ ಸ್ಪಷ್ಟವಾಗಿದೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ, ಕೆಲವು ರಕ್ತದ ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥದ್ದು ಬಿಟ್ಟರೆ, ಉಳಿದ ಯಾವ ಕಾಯಿಲೆಗೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಕೊಡುವ ಹಾಗಿಲ್ಲ. ಕೊಡೋದಾದ್ರೆ ಅನುಮತಿ ಪಡೆದ ಪ್ರಯೋಗದ ಭಾಗವಾಗಿ ಮಾತ್ರ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಪ್ರಚಾರ ಮಾಡೋದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರ್‌ನಲ್ಲಿ ಹೇಳಿತು.

ಹಾಗಾದ್ರೆ ನಿಜವಾದ ಪ್ರಯೋಗ ಅಂತ ಗುರುತಿಸೋದು ಹೇಗೆ? ಮೂರು ಪ್ರಶ್ನೆ ಕೇಳಿ. ಸಿಟಿಆರ್‌ಐ, ಅಂದ್ರೆ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಸಂಖ್ಯೆ ಎಷ್ಟು? 2009ರಿಂದ ಈ ನೋಂದಣಿ ಕಡ್ಡಾಯ, ಫೋನ್‌ನಲ್ಲೇ ಹುಡುಕಬಹುದು. ನೈತಿಕ ಸಮಿತಿಯ ಒಪ್ಪಿಗೆ ಪತ್ರ ಎಲ್ಲಿ? ಮೂರನೆಯದು ತುಂಬಾ ಸರಳ: ದುಡ್ಡು ಯಾರು ಕೊಡ್ತಾರೆ? ಪ್ರಯೋಗಕ್ಕೆ ದೇಹ ಕೊಡುವವರಿಂದಲೇ ಲಕ್ಷಗಟ್ಟಲೆ ದುಡ್ಡು ಕೇಳಿದರೆ, ಫೋನ್ ಇಟ್ಟುಬಿಡಿ.

ಹಾಗಾದ್ರೆ ನಿಜವಾದ ಕೆಲಸ ಎಲ್ಲಿ ನಡೀತಿದೆ?

ದೂರ ಹೋಗಬೇಕಿಲ್ಲ, ನಮ್ಮ ರೈಲು ಮುಟ್ಟುವ ಬೆಂಗಳೂರಿನಲ್ಲೇ. ಇನ್‌ಸ್ಟೆಮ್ ಅಂತ ಒಂದು ಸಂಸ್ಥೆ ಇದೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯದ್ದು. ಹೆಸರೇ ಹೇಳುವ ಹಾಗೆ ಆಕರಕೋಶ ವಿಜ್ಞಾನಕ್ಕಾಗಿ ಇರೋದು. ಪಕ್ಕದಲ್ಲೇ ಎನ್‌ಸಿಬಿಎಸ್, ಅಂದ್ರೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್. ಈ ಮೂರೂ ಸೇರಿ ನಡೆಸಿದ ಒಂದು ಯೋಜನೆಯಲ್ಲಿ, ಒಂದೇ ಕುಟುಂಬದಲ್ಲಿ ಹಲವರಿಗೆ ಮನೋರೋಗ ಅಥವಾ ಮರೆವಿನ ಕಾಯಿಲೆ ಇರುವ ಮನೆಗಳನ್ನು ಹುಡುಕಿ, ಅವರ ರಕ್ತದಿಂದ ಐಪಿಎಸ್ ಕೋಶ ತಯಾರಿಸಿ, ನರಕೋಶ ಬೆಳೆಸಿ ಅಧ್ಯಯನ ಮಾಡುತ್ತಾರೆ. ಸ್ಕಿಜೋಫ್ರೇನಿಯಾ, ಬೈಪೋಲಾರ್, ಗೀಳು ಕಾಯಿಲೆ, ವ್ಯಸನ, ಅಲ್ಜೈಮರ್, ಈ ಐದರ ಮೇಲೆ ಕೆಲಸ. ನಮ್ಮ ಜನರ ಕೋಶಗಳ ಸಂಗ್ರಹ ನಮ್ಮಲ್ಲೇ ಆಯಿತು. ಇದು ಸಣ್ಣ ವಿಷಯ ಅಲ್ಲ. ಐಪಿಎಸ್ ಕೋಶದ ಬಹುಪಾಲು ಅಧ್ಯಯನ ನಡೆದಿರೋದು ಅಮೆರಿಕ, ಯುರೋಪ್, ಜಪಾನ್ ಜನರ ಮೇಲೆ.

ಇನ್ನೊಂದು ಸಂಗತಿ ಕೇಳಿ, ಇದು ನಮ್ಮ ಜಿಲ್ಲೆಯದ್ದೇ. ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸ್ತಿದೆ. 45 ದಾಟಿದ 10,000 ಜನರನ್ನು ಸೇರಿಸಿಕೊಂಡು, ವರ್ಷಗಳ ಕಾಲ ಅವರ ನೆನಪು, ಆರೋಗ್ಯ, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ನೋಡುತ್ತಾ ಹೋಗುವ ಗುರಿ. ಮರೆವಿನ ಕಾಯಿಲೆ ಯಾರಿಗೆ, ಯಾಕೆ ಬರುತ್ತೆ ಅಂತ ತಿಳಿಯೋಕೆ. ದೇಶದಲ್ಲಿ ಈಗ ಸುಮಾರು 88 ಲಕ್ಷ ಹಿರಿಯರಿಗೆ ಮರೆವಿನ ಕಾಯಿಲೆ ಇದೆ ಅನ್ನೋದು ಅಂದಾಜು. ಅಂದ್ರೆ ಕೋಲಾರದ ರೈತರು, ಅಜ್ಜಿಯರು ಕೂಲಿ ಬಿಟ್ಟು ಬಂದು, ರಕ್ತ ಕೊಟ್ಟು, ದೇಶದ ಮಿದುಳು ವಿಜ್ಞಾನಕ್ಕೆ ತಮ್ಮ ಪಾಲು ಕೊಟ್ಟಾಗಿದೆ. ಅದರ ಫಲ ಕೇಳುವ ಹಕ್ಕೂ ಈ ಜಿಲ್ಲೆಗಿದೆ.

ದುಡ್ಡು ಎಲ್ಲಿಂದ ಬರುತ್ತೆ?

ಈ ಮಿದುಳು ಸಂಶೋಧನಾ ಕೇಂದ್ರ ಎದ್ದು ನಿಂತಿದ್ದರ ಹಿಂದೆ ಕ್ರಿಸ್ ಗೋಪಾಲಕೃಷ್ಣನ್ ಕುಟುಂಬದ ಪ್ರತೀಕ್ಷಾ ಟ್ರಸ್ಟ್ ಕೊಟ್ಟ 225 ಕೋಟಿ ರೂಪಾಯಿ ಇದೆ. ನಿಮ್ಹಾನ್ಸ್ ಮತ್ತು ಎನ್‌ಸಿಬಿಎಸ್ ಜಂಟಿ ಕೆಲಸಕ್ಕೆ ರೋಹಿಣಿ ನಿಲೇಕಣಿ 100 ಕೋಟಿ ಕೊಟ್ಟರು. ಕೊಟ್ಟವರಿಗೆ ಕೈ ಮುಗಿಯೋಣ. ಆದರೆ ಒಂದು ಮಾತು. ದಾನ ಕೊಡೋದು ಬಿಡೋದು ದಾನಿಯ ಇಷ್ಟ. ನಾಳೆ ನಿಲ್ಲಿಸಿದರೆ ಯಾಕೆ ಅಂತ ಕೇಳೋಕಾಗಲ್ಲ. ತೆರಿಗೆ ದುಡ್ಡಿನ ಬಗ್ಗೆ ಕೇಳಬಹುದು.

ತೆರಿಗೆ ದುಡ್ಡಿನ ಕಥೆ ಹೇಗಿದೆ? 2020-21ರ ಲೆಕ್ಕದಲ್ಲಿ ಭಾರತ ಎಲ್ಲ ಬಗೆಯ ಸಂಶೋಧನೆಗೆ ಸೇರಿಸಿ ಖರ್ಚು ಮಾಡಿದ್ದು ಜಿಡಿಪಿಯ ಶೇ 0.64 ಮಾತ್ರ. ಅಂದ್ರೆ ದೇಶದ 100 ರೂಪಾಯಿ ವರಮಾನದಲ್ಲಿ 64 ಪೈಸೆ. 2023ರಲ್ಲಿ ಕಾಯ್ದೆ ಮಾಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಟ್ಟಿದರು. 5 ವರ್ಷಕ್ಕೆ 50,000 ಕೋಟಿ ಗುರಿ. ಅದರಲ್ಲಿ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಹೊರಗಿನಿಂದ, ಮುಖ್ಯವಾಗಿ ಖಾಸಗಿಯವರಿಂದ ಬರಬೇಕು ಅನ್ನೋದು ಲೆಕ್ಕ.

ಸ್ಟೆಮ್ ಸೆಲ್ ಸಂಶೋಧನೆಗೆ ದುಡ್ಡು ಎಷ್ಟು ಅನ್ನೋದರಷ್ಟೇ, ಅದು ನಿಲ್ಲದೆ ಬರುತ್ತಾ ಅನ್ನೋದೂ ಮುಖ್ಯ. ಕೋಶ ಅಂದ್ರೆ ಕಂಪ್ಯೂಟರ್ ಫೈಲ್ ಅಲ್ಲ, ಸೇವ್ ಮಾಡಿ ಮುಂದಿನ ವರ್ಷ ತೆರೆಯೋಕೆ. ಬೆಳೆಯುತ್ತಿರುವ ಕೋಶಕ್ಕೆ ಆಗಾಗ ಪೋಷಕ ದ್ರವ ಬದಲಿಸಬೇಕು, ಭಾನುವಾರವೂ. ಕೂಡಿಟ್ಟದ್ದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿರಬೇಕು. ಅನುದಾನ ಆರು ತಿಂಗಳು ತಡವಾದರೆ ಕೆಲಸ ಕಲಿತ ಹುಡುಗ ಹುಡುಗಿಯರು ಬೇರೆ ದೇಶಕ್ಕೆ ಹೋಗುತ್ತಾರೆ. ಮತ್ತೆ ಮೊದಲಿನಿಂದ ಶುರು. ಕೆಜಿಎಫ್‌ನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಪಂಪ್ ನಿಂತ ಮೇಲೆ ಗಣಿಯಲ್ಲಿ ನೀರು ತುಂಬಿದ್ದನ್ನು ನೋಡಿದವರು ನೀವು.

ನೆಲದಡಿಯ ಒಂದು ಹಳೆಯ ಪಾಠ

ಗಣಿ ಅಂದಾಗ ನೆನಪಾಯ್ತು. ಸಿನಿಮಾದ ಕೆಜಿಎಫ್ ಎಲ್ಲರಿಗೂ ಗೊತ್ತು, ಆದರೆ ವಿಜ್ಞಾನದ ಕೆಜಿಎಫ್ ಎಷ್ಟು ಜನರಿಗೆ ಗೊತ್ತು? 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣದ ಗುರುತು ಸಿಕ್ಕಿತು. ಜಗತ್ತಿನಲ್ಲಿ ಅದನ್ನು ಮೊದಲು ಕಂಡ ಎರಡು ತಂಡಗಳಲ್ಲಿ ಇದೊಂದು. ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಕೆಲಸ ಮಾಡ್ತಿತ್ತು. ಇಲ್ಲಿ ಕೆಲಸ ಮಾಡಿದ್ದು ಟಿಐಎಫ್‌ಆರ್, ಜಪಾನ್‌ನ ಒಸಾಕಾ ಮತ್ತು ಇಂಗ್ಲೆಂಡ್‌ನ ಡರ್ಹಂ ವಿಶ್ವವಿದ್ಯಾಲಯದವರು. ಆ ಕಣದಿಂದ ಯಾರಿಗೂ ಒಂದು ಗ್ರಾಂ ಚಿನ್ನವೂ ಸಿಗಲಿಲ್ಲ. ಆದರೂ ಸರ್ಕಾರದ ದುಡ್ಡಿನಲ್ಲಿ ಪ್ರಯೋಗ ನಡೀತು. 1990ರ ದಶಕದ ಶುರುವಿನಲ್ಲಿ ಗಣಿಯ ಆಳದ ಹಂತಗಳು ಮುಚ್ಚುತ್ತಾ ಬಂದಾಗ ಪ್ರಯೋಗವೂ ನಿಂತಿತು.

ಜಪಾನ್ ಏನು ಮಾಡಿತು? ಕಮಿಯೋಕ ಅನ್ನೋ ಕಡೆ ತಮ್ಮ ಗಣಿಯೊಂದರಲ್ಲಿ ದೊಡ್ಡ ನೀರಿನ ತೊಟ್ಟಿ ಕಟ್ಟಿ, ದುಡ್ಡು ನಿಲ್ಲಿಸದೆ ನೋಡುತ್ತಾ ಹೋಯಿತು. 1998ರಲ್ಲಿ ಅದೇ ವಾತಾವರಣದ ನ್ಯೂಟ್ರಿನೋ ರೂಪ ಬದಲಿಸುತ್ತೆ ಅಂತ ತೋರಿಸಿತು. 2015ರಲ್ಲಿ ತಕಾಕಿ ಕಜಿತ ಅವರಿಗೆ ನೊಬೆಲ್ ಬಂತು. ನಮ್ಮವರು ದಡ್ಡರಾಗಿರಲಿಲ್ಲ. ನಮ್ಮಲ್ಲಿ ಕೆಲಸ ನಿಂತಿತು, ಅವರಲ್ಲಿ ಮುಂದುವರಿಯಿತು. ಅಂದ ಹಾಗೆ ಎನ್‌ಸಿಬಿಎಸ್ ಅಂದೆನಲ್ಲ, ಅದು ಅದೇ ಟಿಐಎಫ್‌ಆರ್‌ನ ಕೇಂದ್ರ. ಚಾಂಪಿಯನ್ ರೀಫ್‌ನಲ್ಲಿ ನ್ಯೂಟ್ರಿನೋ ಹುಡುಕಿದ ಸಂಸ್ಥೆಯ ಮನೆಯಲ್ಲೇ ಇವತ್ತು ಮಿದುಳಿನ ಕೋಶ ಬೆಳೀತಿದೆ. ಎರಡನೇ ಸಲ ಅದೇ ತಪ್ಪು ಆಗಬಾರದು.

ಬೇರೆ ಕಡೆ ಜನ ಹೇಗೆ ಕೇಳಿದರು?

ಅಮೆರಿಕದ ನಟ ಮೈಕೆಲ್ ಜೆ. ಫಾಕ್ಸ್‌ಗೆ 30ರ ಹತ್ತಿರದಲ್ಲೇ ಪಾರ್ಕಿನ್ಸನ್ ಬಂತು. 1999ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೆನೆಟ್ ಉಪಸಮಿತಿಯ ಮುಂದೆ ಮಾತಾಡೋಕೆ ಹೋದಾಗ ಬೇಕು ಅಂತಲೇ ಮಾತ್ರೆ ತಗೊಳ್ಳದೆ ಹೋದರು. ಈ ಕಾಯಿಲೆ ಅಂದ್ರೆ ಏನು ಅಂತ ದುಡ್ಡು ಹಂಚುವವರು ಕಣ್ಣಾರೆ ನೋಡಲಿ ಅಂತ.

2001ರಲ್ಲಿ ಅಧ್ಯಕ್ಷ ಬುಷ್ ಭ್ರೂಣದ ಆಕರಕೋಶ ಸಂಶೋಧನೆಗೆ ಕೇಂದ್ರದ ದುಡ್ಡಿಗೆ ಮಿತಿ ಹಾಕಿದರು. ಆಗ ಕ್ಯಾಲಿಫೋರ್ನಿಯಾದ ರೋಗಿಗಳು, ತಂದೆ ತಾಯಂದಿರು ತಮ್ಮ ರಾಜ್ಯದ ಕಡೆ ತಿರುಗಿದರು. 2004ರಲ್ಲಿ ಜನಮತಕ್ಕೆ ಹಾಕಿದರು, ಗೆದ್ದರು: 300 ಕೋಟಿ ಡಾಲರ್. 2020ರಲ್ಲಿ ಮತ್ತೆ ಜನರ ಹತ್ರ ಹೋದರು: 550 ಕೋಟಿ ಡಾಲರ್, ಅದರಲ್ಲಿ 150 ಕೋಟಿ ಮಿದುಳು ಮತ್ತು ನರಮಂಡಲದ ಕಾಯಿಲೆಗೇ ಮೀಸಲು. ದುಡ್ಡು ಕೊಟ್ಟ ಮರುವರ್ಷವೇ ಕಾಯಿಲೆ ವಾಸಿಯಾಗಲಿಲ್ಲ, ಹಾಗೆ ಆಗೋದೂ ಇಲ್ಲ. ಆದರೆ ಲ್ಯಾಬ್ ನಿಲ್ಲಲಿಲ್ಲ. ಕೇಂದ್ರ ಕೈ ಕಟ್ಟಿದಾಗ ಒಂದು ರಾಜ್ಯ ಏನು ಮಾಡಬಹುದು ಅನ್ನೋದಕ್ಕೆ ಅದು ಉದಾಹರಣೆ. ಇಲ್ಲಿ ಆ ತರಹ ಜನಮತದ ವ್ಯವಸ್ಥೆ ಇಲ್ಲ. ನಮಗಿರೋದು ಶಾಸಕರು, ಸಂಸದರು.

ಯಾರ ಹತ್ರ ಏನು ಕೇಳಬೇಕು?

ಇಲ್ಲಿ ಜನ ಎಡವೋದು ಜಾಸ್ತಿ. ‘ಸಾರ್, ಸ್ಟೆಮ್ ಸೆಲ್‌ಗೆ ಏನಾದ್ರೂ ಮಾಡಿ’ ಅಂದ್ರೆ ‘ಆಯ್ತಪ್ಪ’ ಅಂತಾರೆ, ಅಲ್ಲಿಗೆ ಮುಗೀತು. ಯಾರ ಕೈಯಲ್ಲಿ ಏನಿದೆ ಅಂತ ನೋಡಿ ಕೇಳಬೇಕು.

ಸಂಸದರ ಕೈಯಲ್ಲಿ ಸಂಶೋಧನೆಯ ದುಡ್ಡಿನ ಕೀಲಿ ಇದೆ. ಕೆಜಿಎಫ್, ಬಂಗಾರಪೇಟೆ ಎರಡೂ ಕೋಲಾರ ಲೋಕಸಭಾ ಕ್ಷೇತ್ರದಲ್ಲೇ ಬರುತ್ತವೆ. ಸಂಸದರು ಲೋಕಸಭೆಯಲ್ಲಿ ಪ್ರಶ್ನೆ ಕೇಳಬಹುದು, 15 ದಿನ ಮೊದಲು ನೋಟಿಸ್ ಕೊಟ್ಟರೆ ಸಾಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೂ ಮಂತ್ರಿ ಲಿಖಿತ ಉತ್ತರ ಕೊಡಲೇಬೇಕು. ಆ ಉತ್ತರ ದಾಖಲೆಯಾಗಿ ಉಳಿಯುತ್ತೆ. ಬಜೆಟ್ ಆದ ಮೇಲೆ ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸದೀಯ ಸ್ಥಾಯಿ ಸಮಿತಿ ಇಲಾಖೆಗಳ ಅನುದಾನವನ್ನು ಪರಿಶೀಲಿಸುತ್ತೆ. ಆ ಸಮಿತಿಗೂ ಬರೆಯಬಹುದು. ಲೋಕಸಭೆಗೆ ಅರ್ಜಿಗಳ ಸಮಿತಿ ಅಂತಲೂ ಒಂದಿದೆ. ಸಂಸದರ ನಿಧಿಯಿಂದ ಕೊಡಿ ಅಂತ ಮಾತ್ರ ಕೇಳಬೇಡಿ. ಅದು ಊರಿನ ರಸ್ತೆ, ಕಟ್ಟಡದಂಥ ಆಸ್ತಿಗೆ ಇರೋದು.

ಶಾಸಕರ ಕೈಯಲ್ಲಿ ಆಸ್ಪತ್ರೆ ಇದೆ. ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ ರಾಜ್ಯದ ವಿಷಯ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಶುರು ಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್‌ನ ಮೊದಲ ಹಂತದಲ್ಲೇ ಕೋಲಾರ ಜಿಲ್ಲೆ ಇತ್ತು. ಅದು ಕೆಜಿಎಫ್ ಮತ್ತು ಬಂಗಾರಪೇಟೆಯ ತಾಲೂಕು ಆಸ್ಪತ್ರೆವರೆಗೆ ಬರಲಿ ಅಂತ ಕೇಳೋದು ಶಾಸಕರ ಹತ್ರ. ಇದಕ್ಕೂ ಸಂಶೋಧನೆಗೂ ಏನು ಸಂಬಂಧ ಅಂತೀರಾ? ಕಾಯಿಲೆ ಗುರುತಿಸದ ಊರಿನಿಂದ ಯಾರೂ ಪ್ರಯೋಗಕ್ಕೆ ಸೇರಲ್ಲ.

ಪತ್ರದಲ್ಲಿ ಏನಿರಲಿ? ನಾವು ಒಂದು ನಮೂನೆ ಬರೆದಿದ್ದೇವೆ, ಕಾಪಿ ಮಾಡಿಕೊಳ್ಳಿ:

‘ಮಾನ್ಯರೇ, ನಾನು ನಿಮ್ಮ ಕ್ಷೇತ್ರದ ಮತದಾರ. ನಮ್ಮ ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿದ್ದಾರೆ. ನಾಲ್ಕು ಬೇಡಿಕೆ. ಒಂದು, ನರ ಕಾಯಿಲೆಗಳ ಆಕರಕೋಶ ಸಂಶೋಧನೆಗೆ ವರ್ಷ ವರ್ಷ ಅಲ್ಲ, ಕನಿಷ್ಠ 5 ವರ್ಷದ ಖಚಿತ ಅನುದಾನ ಕೊಡಿ, ಕಂತು ತಡವಾಗದಿರಲಿ. ಎರಡು, ಪಾರ್ಕಿನ್ಸನ್ ಮತ್ತು ಬೆನ್ನುಹುರಿ ಪೆಟ್ಟಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಅನುಮತಿ ಪಡೆದ ಪ್ರಯೋಗ ನಡೆಯಲಿ, ಭಾಗವಹಿಸುವವರಿಗೆ ಪ್ರಯಾಣ ಮತ್ತು ಕಳೆದುಕೊಂಡ ಕೂಲಿಯ ಹಣ ಸಿಗಲಿ. ಮೂರು, ತಾಲೂಕು ಮಟ್ಟದಲ್ಲಿ ನರ ಕಾಯಿಲೆ ಪತ್ತೆ ಮಾಡುವ ವ್ಯವಸ್ಥೆ ಬರಲಿ. ನಾಲ್ಕು, ಪುರಾವೆ ಇಲ್ಲದ ಸ್ಟೆಮ್ ಸೆಲ್ ಚಿಕಿತ್ಸೆಯ ಜಾಹೀರಾತಿನ ಮೇಲೆ ಕ್ರಮ ಜರುಗಿಸಿ, ಅದರ ವಿವರ ಜನರಿಗೆ ಕನ್ನಡದಲ್ಲಿ ತಿಳಿಸಿ. ದಯವಿಟ್ಟು ಈ ಬಗ್ಗೆ ಸದನದಲ್ಲಿ ಪ್ರಶ್ನೆ ಕೇಳಿ, ಉತ್ತರದ ಪ್ರತಿ ನನಗೆ ಕಳಿಸಿ.’

ಕೊನೆಯ ವಾಕ್ಯ ಬಿಡಬೇಡಿ. ಉತ್ತರದ ಪ್ರತಿ ಕೇಳಿದಾಗ ಪತ್ರಕ್ಕೆ ಒಂದು ತೂಕ ಬರುತ್ತೆ. ಸಂಸದರಿಗೆ ಮೊದಲ, ಎರಡನೆಯ ಬೇಡಿಕೆಗೆ ಗೆರೆ ಎಳೆದು ಕಳಿಸಿ. ಶಾಸಕರಿಗೆ ಮೂರನೆಯದಕ್ಕೆ. ನಾಲ್ಕನೆಯದು ಇಬ್ಬರಿಗೂ.

‘ಕುಡಿಯೋ ನೀರಿಲ್ಲ, ಸ್ಟೆಮ್ ಸೆಲ್ ಬೇಕಾ?’

ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ಕೆರೆಗೆ ತುಂಬಿಸಿಕೊಳ್ಳುವ ಜಿಲ್ಲೆ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದರೂ ಕೆಲಸಕ್ಕೆ ರೈಲು ಹತ್ತಲೇಬೇಕು. ಇಂಥ ಕಡೆ ಲ್ಯಾಬ್‌ಗೆ ದುಡ್ಡು ಕೇಳೋದು ಶ್ರೀಮಂತರ ಶೋಕಿ ಅನ್ನಿಸಬಹುದು.

ನಾನು ಹೇಳೋದು ಇಷ್ಟೇ. ಸರ್ಕಾರ ಕೊಡದಿದ್ದರೆ ಈ ದುಡ್ಡು ಉಳಿಯುತ್ತೆ ಅಂದುಕೊಂಡಿದ್ದೀರಾ? ಇಲ್ಲ. ಅದು ಬೇರೆ ಜೇಬಿನಿಂದ ಹೋಗುತ್ತೆ. ನಮ್ಮ ಕೇಳುಗರ ಅಮ್ಮನ ಒಡವೆಯಿಂದ ಹೋಗುತ್ತೆ. ಹಾಗೆ ಹೋದ ದುಡ್ಡಿನಿಂದ ಯಾರಿಗೂ ಒಂದು ಅಕ್ಷರ ಜ್ಞಾನವೂ ಬರಲ್ಲ. ಇಂಜೆಕ್ಷನ್ ಕೆಲಸ ಮಾಡ್ತಾ ಇಲ್ವಾ ಅಂತ ಬರೆದಿಡುವವರೂ ಇರಲ್ಲ. ಅದೇ ದುಡ್ಡು ಎಲ್ಲರ ತೆರಿಗೆಯಿಂದ, ಲೆಕ್ಕ ಇರುವ ಪ್ರಯೋಗಕ್ಕೆ ಹೋದರೆ, ಸೋತರೂ ಮುಂದಿನವರಿಗೆ ಒಂದು ಪಾಠ ಉಳಿಯುತ್ತೆ. ಶ್ರೀಮಂತರಿಗೆ ವಿದೇಶದ ಆಸ್ಪತ್ರೆ ಇದೆ. ಸರ್ಕಾರಿ ಸಂಶೋಧನೆ ಬೇಕಾಗಿರೋದು ಕೋರಮಂಡಲ್‌ಗೆ, ಬಂಗಾರಪೇಟೆಗೆ.

ಇನ್ನು ನಮ್ಮ ಕೇಳುಗರಿಗೆ. ಅಪ್ಪನಿಗೆ ಮಾತ್ರೆ ದಿನಾ ಒಂದೇ ಸಮಯಕ್ಕೆ ಕೊಡಿ, ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಊಟದ ಜೊತೆ ತಗೋಬೇಕಾ, ಮೊದಲು ತಗೋಬೇಕಾ ಅಂತ ಕೇಳಿಕೊಳ್ಳಿ, ಲೆವೊಡೋಪಕ್ಕೆ ಅದು ಮುಖ್ಯ. ದಿನಾ ನಡೆಸಿ. ನರರೋಗ ತಜ್ಞರ ಹತ್ರ ಹೋದಾಗ ಆ ಜಾಹೀರಾತನ್ನೂ ತೋರಿಸಿ, ಮುಚ್ಚಿಡಬೇಡಿ. ಸ್ಟೆಮ್ ಸೆಲ್ ನಿಮ್ಮ ಅಪ್ಪನ ಕಾಲಕ್ಕೆ ಬರುತ್ತಾ ಅಂದ್ರೆ, ಬರುತ್ತೆ ಅಂತ ಸುಳ್ಳು ಹೇಳಲ್ಲ. ಬಂದರೆ ಅದು ಅನುಮತಿ ಇರುವ, ದುಡ್ಡು ಕೇಳದ ಪ್ರಯೋಗವಾಗಿ ಬರಬೇಕು. ಅದಕ್ಕೇ ಪತ್ರ.

ಬೆಳಗಿನ ರೈಲಿನಲ್ಲಿ ಕೂತವರು ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದು ಪತ್ರ ಟೈಪ್ ಮಾಡಬಹುದು. ಸೀಟು ಸಿಕ್ಕಿದ್ರೆ ಎರಡು. ಕಳಿಸಿದ ಮೇಲೆ ನಮಗೂ ಒಂದು ವಾಯ್ಸ್ ನೋಟ್ ಹಾಕಿ, ಉತ್ತರ ಬಂದರೆ ಅದನ್ನು ಇಲ್ಲೇ ಓದೋಣ. ಅಮ್ಮನ ಒಡವೆ ಬೀರುವಿನಲ್ಲೇ ಇರಲಿ.